ಅವನ ಹೆಸರು ಅಂಟಿಸಿದ ರಕ್ತ

"ಇನ್ನೂ ಎಷ್ಟು ರಕ್ತ ತಗೀತೀರ ಮೇಡಂ? ನಮ್ಮಪ್ಪನ ಮೈನಾಗೆ ಒಂದಿಷ್ಟು ಉಳ್ಸೀರೋ, ಇಲ್ವೋ?"

ಹಲಗೂರಿನ ಆಸ್ಪತ್ರೆಯ ಸಣ್ಣ ಕೋಣೆಯಲ್ಲಿ ತಿಮ್ಮಯ್ಯನವರ ತೋಳಿಗೆ ರಬ್ಬರ್ ಪಟ್ಟಿ ಕಟ್ಟುತ್ತಿದ್ದ ರಂಜಿತ ತಲೆ ಎತ್ತಿದಳು. ಬಾಗಿಲಿಗೆ ಅಡ್ಡಲಾಗಿ ನಿಂತಿದ್ದ ಅವನು. ಕೈಯಲ್ಲಿ ಹೆಲ್ಮೆಟ್ಟು, ಮುಖದ ತುಂಬ ಸಿಟ್ಟು.

"ಒಂದು ಚಮಚ ಅಷ್ಟೇ," ಅಂದಳು. "ನಿಮ್ಮಪ್ಪನೇ ಸುಮ್ಮನಿದ್ದಾರೆ. ನೀವ್ಯಾಕೆ ಕೂಗಾಡ್ತೀರಿ?"

"ಅವ್ರು ಟೀಬಿ ಬಂದು ಬಡಕಲಾಗವ್ರೆ, ಅದ್ಕೇ ಸುಮ್ಮನವ್ರೆ. ನಂಗೇನು ರೋಗ? ನಾನ್ ಮಾತಾಡ್ತೀನಿ."

"ಮಾತಾಡಿ. ಮಾತಾಡ್ತಾನೇ ಆ ಕುರ್ಚಿ ಮೇಲೆ ಕೂತ್ಕೊಳಿ. ಮುಂದಿನ ಸರದಿ ನಿಮ್ದೇ."

ತಿಮ್ಮಯ್ಯ ತಿಂಗಳುಗಳ ನಂತರ ಮೊದಲ ಸಲ ನಕ್ಕರು. ಮಗ ಯತೀಶ್ ಮಾತ್ರ ನಗಲಿಲ್ಲ. ಆದರೆ ಬಂದು ಕೂತ.

ರಂಜಿತ ಮದ್ದೂರಿನ ಹುಡುಗಿ. ಮಂಡ್ಯದಲ್ಲಿ ಡಾಕ್ಟರ್ ಗಗನ ನಡೆಸುತ್ತಿದ್ದ ಒಂದು ಅಧ್ಯಯನದಲ್ಲಿ ಲ್ಯಾಬ್ ಟೆಕ್ನಿಷಿಯನ್. ಹೋಲಿಕೆಗೆಂದು ಕ್ಷಯ ಬಂದವರ ರಕ್ತ ತೆಗೆದು, ಅವರ ಮನೆಯಲ್ಲಿ ಆರೋಗ್ಯವಾಗಿರುವವರ ರಕ್ತವನ್ನು ಮೂರು ತಿಂಗಳಿಗೊಮ್ಮೆ ಪರೀಕ್ಷಿಸಿ, ಮುಂದೆ ಯಾರಿಗೆ ಕಾಯಿಲೆ ಬರಬಹುದೆಂದು ಕೆಮ್ಮು ಶುರುವಾಗುವ ಮೊದಲೇ ಕಂಡುಹಿಡಿಯುವ ಕೆಲಸ ಅದು.

"ಜೀನುಗಳು ಎಲ್ಲರ ಮೈಯಲ್ಲೂ ಇರ್ತವೆ," ಎಂದು ಅವನಿಗೆ ವಿವರಿಸಿದಳು. "ರೋಗ ಒಳಗೇ ತಲೆ ಎತ್ತಿದಾಗ ಅದರಲ್ಲಿ ಕೆಲವು ಜೋರಾಗಿ ಕೆಲಸ ಶುರು ಮಾಡ್ತವೆ, ಕೆಲವು ಸುಮ್ಮನಾಗ್ತವೆ. ಯಾವುದು ಕೆಲಸ ಮಾಡ್ತಿದೆ ಅಂತ ನೋಡೋದು, ಅಷ್ಟೇ."

ಯತೀಶ್ ಹತ್ತಿರದ ಬ್ಲಫ್ ಎಂಬ ಊರಿನಲ್ಲಿ, ಕರೆಂಟು ತಯಾರಿಸುವ ಪವರ್ ಹೌಸಿನಲ್ಲಿ ಆಪರೇಟರ್. ಒಂದು ಕ್ಷಣ ಯೋಚಿಸಿದ. "ಅಂದ್ರೆ ನಮ್ ಕಂಟ್ರೋಲ್ ರೂಮಿನ ಬೋರ್ಡ್ ಇದ್ದಂಗೆ. ಮಿಷಿನ್ ಕೆಡೋಕೆ ಮುಂಚೆನೇ ಒಂದೆರಡು ದೀಪ ಹತ್ಕತವೆ."

ಇನ್ನೂರು ಜನಕ್ಕೆ ಇದನ್ನು ವಿವರಿಸಿದ್ದಳು ರಂಜಿತ. ಇಷ್ಟು ಬೇಗ ಅರ್ಥ ಮಾಡಿಕೊಂಡವನು ಇವನೊಬ್ಬನೇ. ಅದೇ ಜಾಣ, ಸೂಜಿ ಕಂಡ ಕೂಡಲೇ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಅಪ್ಪನ ಕೈ ಹಿಡಿದುಕೊಂಡ! ಅವಳ ಮನಸ್ಸು ಜಾರಿದ್ದು ಆಗಲೇ ಇರಬೇಕು.

ಆಮೇಲಿನದು ನಿಮಗೆ ಗೊತ್ತಿರುವಂಥದ್ದೇ. ಅಪ್ಪನ ಮಾತ್ರೆ ವಿಚಾರ ಕೇಳಲು ಒಂದು ಫೋನು, ಕೇಳುವುದಕ್ಕೆ ಏನೂ ಇಲ್ಲದಿದ್ದರೂ ಇನ್ನೊಂದು ಫೋನು. ಅವಳು ಹಲಗೂರಿಗೆ ಬಂದ ದಿನ ಬಸ್ ಸ್ಟ್ಯಾಂಡಿನಲ್ಲಿ ಎರಡು ಟೀ. ಮದ್ದೂರಿನ ಬಸ್ಸು ತಡವಾಗಲಿ ಎಂದು ಇಬ್ಬರೂ ಒಳಗೊಳಗೇ ಬೇಡಿಕೊಳ್ಳುತ್ತಿದ್ದರು.

ತಪ್ಪು ನಡೆದದ್ದು ಆಗಸ್ಟ್ ತಿಂಗಳ ಒಂದು ಮಂಗಳವಾರ.

ಎರಡು ಸಲ ರಕ್ತ ಕೊಡಲು ಬಾರದವರ ಹೆಸರನ್ನು ಪಟ್ಟಿಯಿಂದ ತೆಗೆಯಬೇಕು. ಅದು ನಿಯಮ. ಯತೀಶ್ ಹಿಂದಿನ ಸಲ ಡ್ಯೂಟಿ ಎಂದು ತಪ್ಪಿಸಿಕೊಂಡಿದ್ದ. ಈ ಸಲವೂ ಮಧ್ಯಾಹ್ನ ಎರಡೂವರೆಗೆ ಫೋನು ಬಂತು.

"ಇನ್ನೊಬ್ಬ ಆಪರೇಟ್ರು ರಜಾ ಆಕವ್ನೆ. ಬರಕ್ಕಾಗಕಿಲ್ಲ ರಂಜಿತಾ. ನನ್ ಹೆಸ್ರು ತಗ್ದುಬುಡು."

ಹೆಸರು ತೆಗೆಯಬೇಕಂತೆ... ತಿಮ್ಮಯ್ಯನವರ ಚಿಕಿತ್ಸೆ ಮುಗಿಯುತ್ತಾ ಬಂದಿತ್ತು. ಇವನ ಹೆಸರೂ ಹೋದರೆ ಹಲಗೂರಿನ ಆ ಮನೆಯವರನ್ನು ಕಾಣಲು ತನಗೆ ಯಾವ ನೆಪ ಉಳಿಯುತ್ತದೆ? ಪ್ರೀತಿ ಎಂದು ಇಬ್ಬರೂ ಇನ್ನೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಧೈರ್ಯವಿಲ್ಲದವರಿಗೆ ನೆಪವೇ ದೊಡ್ಡ ಆಸ್ತಿ.

ಐಸ್ ಪೆಟ್ಟಿಗೆ ಮೂರು ಗಂಟೆಗೆ ಮಂಡ್ಯಕ್ಕೆ ಹೊರಡಬೇಕಿತ್ತು. ಟ್ಯೂಬುಗಳಿಗೆ ಲೇಬಲ್ ಅಂಟಿಸಿ ಪೆಟ್ಟಿಗೆ ಹೊರುವ ಸಿದ್ದರಾಜು ಹೊರಗೆ ಬೀಡಿ ಸೇದುತ್ತಿದ್ದ. ಯತೀಶನ ಹೆಸರಿನ ಲೇಬಲ್ ಅಂಟಿಸಿದ್ದ ಖಾಲಿ ಟ್ಯೂಬು ಮೇಜಿನ ಮೇಲಿತ್ತು.

'ಗಟ್ಟಿಮುಟ್ಟಾದ ಆಳು. ಅವನ ರಕ್ತದಲ್ಲಾದರೂ ಏನು ಸಿಕ್ಕೀತು, ನನ್ನದರಲ್ಲಾದರೂ ಏನು ಸಿಕ್ಕೀತು?'

ಬಾಗಿಲು ಮುಚ್ಚಿ, ತನ್ನ ಎಡಗೈಗೆ ತಾನೇ ಪಟ್ಟಿ ಕಟ್ಟಿಕೊಂಡು, ಹಲ್ಲಿನಿಂದ ಬಿಗಿದಳು. ಐದು ನಿಮಿಷದ ಕೆಲಸ. ತನ್ನ ರಕ್ತ ತುಂಬಿದ ಆ ಟ್ಯೂಬನ್ನು ಉಳಿದವುಗಳ ಜೊತೆ ಐಸಿನಲ್ಲಿಟ್ಟಳು.

ಎರಡು ತಿಂಗಳ ನಂತರ ಡಾಕ್ಟರ್ ಗಗನ ಅವಳನ್ನು ಕೋಣೆಗೆ ಕರೆದರು.

"ಈ ಯತೀಶ್ ಅನ್ನೋರನ್ನ ತಕ್ಷಣ ಕರೆಸು. ಇನ್ನಾರು ತಿಂಗಳಲ್ಲಿ ಕಾಯಿಲೆ ಬೀಳೋರ ರಕ್ತ ಹೇಗಿರುತ್ತೋ ಹಾಗೇ ಇದೆ ಇವರದು. ಎಕ್ಸ್‌ರೇಗೆ ಕಾಣೋ ಮೊದಲೇ ನಮಗೆ ಕಾಣಿಸಿದೆ. ಇಂಥದ್ದಕ್ಕೇ ಅಲ್ವಾ ನಾವು ಇಷ್ಟು ದಿನ ಕಷ್ಟಪಟ್ಟಿದ್ದು?"

ಮೊದಲು ರಂಜಿತಳಿಗೆ ಹೊಳೆದದ್ದು ಏನು ಗೊತ್ತೇ? ಕೆಲಸ ಹೋಗುತ್ತದೆ ಎಂಬುದು. ಆಮೇಲೆ, ಸದ್ಯ, ಯತೀಶನಿಗೆ ಏನೂ ಇಲ್ಲ ಎಂಬುದು. ಆ ರಕ್ತ ತನ್ನದು, ರೋಗವೂ ತನ್ನದೇ ಎಂಬುದು ಹೊಳೆದದ್ದು ಕೊನೆಯಲ್ಲಿ. ಎರಡು ವರ್ಷದಿಂದ ದಿನವೂ ಕೆಮ್ಮುವವರ ಮನೆಗಳಲ್ಲೇ ಕೂತು ಬರುತ್ತಿದ್ದವಳು ಅವಳು.

"ಇನ್ನೊಂದು ಸ್ಯಾಂಪಲ್ಲೂ ತೆಗೆದು ಕಳಿಸೋಣ. ಮೂರು ವಾರದಲ್ಲಿ ಬರುತ್ತೆ," ಎಂದರು ಗಗನ. "ಅಲ್ಲಿವರೆಗೆ ಕಾಯೋದು ಬೇಡ, ಮುನ್ನೆಚ್ಚರಿಕೆ ಮಾತ್ರೆ ಶುರು ಮಾಡೋಣ."

ಮೂರು ವಾರ. ಎರಡನೇ ಫಲಿತಾಂಶ ಬಂದರೆ ಅವನಿಗೇನೂ ಇಲ್ಲವೆಂದು ತಾನಾಗಿ ತಿಳಿಯುತ್ತದೆ. ಅಷ್ಟು ದಿನ ಸುಮ್ಮನಿದ್ದರೆ ಸಾಕು... ಹೀಗೆಂದು ತನ್ನ ಮನಸ್ಸನ್ನು ಒಪ್ಪಿಸಿದಳು. ಹೇಡಿತನಕ್ಕೆ ಲೆಕ್ಕಾಚಾರ ಬಲು ಚೆನ್ನಾಗಿ ಬರುತ್ತದೆ.

ಯತೀಶ್ ಬಂದ, ರಕ್ತ ಕೊಟ್ಟ, ಮಾತ್ರೆ ತೆಗೆದುಕೊಂಡು ಹೋದ. ನಾಲ್ಕನೇ ದಿನ ಫೋನ್ ಮಾಡಿದ. ದನಿ ಸೋತಿತ್ತು.

"ವಾಂತಿ ನಿಲ್ತಾನೇ ಇಲ್ಲ."

"ನೀರು ಜಾಸ್ತಿ ಕುಡೀರಿ," ಅಂದಳು ರಂಜಿತ. ಅಂದವಳು ಫೋನಿಟ್ಟು ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿಟ್ಟು ಅತ್ತಳು.

ಹದಿನೈದನೇ ದಿನ ತಡೆಯಲಾಗಲಿಲ್ಲ. ಹೇಳಿಬಿಡಬೇಕೆಂದು, ಬರುತ್ತೇನೆಂದು ಅವನಿಗೆ ಫೋನ್ ಮಾಡಿ ಹಲಗೂರಿನ ಬಸ್ಸು ಹತ್ತಿದಳು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಆ ಕೊನೆಯಲ್ಲಿ ಅವನು ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಕೂತಿದ್ದ. ಅವಳು ಹತ್ತಿರ ಸರಿದರೆ ಎದ್ದು ನಿಂತ.

"ಅಲ್ಲೇ ಇರು. ಬರಬ್ಯಾಡ."

"ಯತೀಶ್, ನಾನೊಂದು ವಿಷಯ..."

"ಮೊದ್ಲು ನನ್ ಮಾತು ಕೇಳು. ಅಪ್ಪನ್ನ ಕರ್ಕಂಡು ಮದ್ದೂರಿಗೆ ನಿಮ್ಮನೇಗೆ ಬರವಾ ಅಂತಿದ್ದೆ. ನಿನ್ನ ಕೇಳಕ್ಕೆ." ಅವನು ರಸ್ತೆ ನೋಡುತ್ತಾ ಹೇಳಿದ. "ಈಗ ಅದೆಲ್ಲ ಬ್ಯಾಡ. ನನ್ ರೋಗ ನಿಂಗ್ಯಾಕೆ? ಮರ್ತುಬುಡು."

ಪ್ರೀತಿಯ ಮಾತು ಕೇಳಬೇಕೆಂದು ತಿಂಗಳುಗಳಿಂದ ಕಾದಿದ್ದಳು ರಂಜಿತ. ಬಂದದ್ದು ಹೀಗೆ.

"ಮದ್ದೂರ್ನಾಗೆ ನಮ್ಮಕ್ಕ ಬಾಣಂತಿ, ಮಗೀಗೆ ಇನ್ನೂ ಎರಡ್ ತಿಂಗ್ಳು ಆಗಿಲ್ಲ. ಹದಿನೈದು ದಿನ ಆಯ್ತು, ಆ ಕಡೀಕೇ ಓಗಿಲ್ಲ ನಾನು. ಮಾವ ಯಾಕೆ ಬರಕಿಲ್ಲ ಅಂತ ಅದು ಕೇಳಕಿಲ್ಲ, ಅದೇ ಪುಣ್ಯ."

ಹೇಳು, ಈಗಲಾದರೂ ಹೇಳು... ಅವಳು ಬಾಯಿ ತೆರೆದಳು. ಬಸ್ಸು ಬಂತು. ಆವತ್ತೇ ಅದಕ್ಕೆ ಸರಿಯಾದ ಹೊತ್ತಿಗೆ ಬರಬೇಕಿತ್ತು! ಅವಳು ಹತ್ತಿ ಕೂತಳು. ಕಿಟಕಿಯಾಚೆ ನೋಡುವ ಮುಖ ಅವಳಿಗೆ ಉಳಿದಿರಲಿಲ್ಲ.

ಇಪ್ಪತ್ತೆರಡನೇ ದಿನ ಎರಡನೇ ಫಲಿತಾಂಶ ಬಂತು.

"ಎಡವಟ್ಟಾಗಿದೆ," ಎಂದರು ಗಗನ, ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟು. "ಯತೀಶ್‌ಗೆ ಏನೂ ಇಲ್ಲ, ಮಾತ್ರೆ ನಿಲ್ಲಿಸಿ ಅಂತ ಬೆಳಿಗ್ಗೆನೇ ಫೋನ್ ಮಾಡಿ ಹೇಳಿದೆ. ಮೊದಲನೇ ಟ್ಯೂಬು ಅವರದಲ್ಲವೇ ಅಲ್ಲ. ಹೆಂಗಸರ ರಕ್ತದಲ್ಲಿ ಮಾತ್ರ ಕೆಲಸ ಮಾಡೋ ಒಂದು ಜೀನ್ ಇದೆ. ಇದರಲ್ಲಿ ಅದು ಜೋರಾಗಿ ಕೆಲಸ ಮಾಡ್ತಿದೆ. ನಾನು ಮೊದಲೇ ಅದನ್ನ ನೋಡಬೇಕಿತ್ತು."

ಗಗನ ಆವತ್ತಿನ ಪಟ್ಟಿಯನ್ನು ಮುಂದಕ್ಕೆ ಎಳೆದುಕೊಂಡರು.

"ಆವತ್ತು ಹನ್ನೊಂದು ಹೆಂಗಸರು ರಕ್ತ ಕೊಟ್ಟಿದ್ದಾರೆ. ಅವರಲ್ಲಿ ಯಾರದೋ ಇದು. ಅವರ ಟ್ಯೂಬುಗಳನ್ನ ಇನ್ನೂ ಪರೀಕ್ಷೆ ಮಾಡಿಲ್ಲ, ಸರದಿ ಬರೋವರೆಗೆ ಕಾಯೋ ಹಾಗಿಲ್ಲ. ನಾಳೆ ಎಲ್ಲರನ್ನೂ ಕರೆಸು." ಗಗನ ಬಾಗಿಲ ಬಳಿ ನಿಂತಿದ್ದ ಸಿದ್ದರಾಜುವಿನ ಕಡೆ ತಿರುಗಿದರು. "ಸಿದ್ದರಾಜು, ಲೇಬಲ್ ಅಂಟಿಸೋದು ನೀವು. ಕಣ್ಣು ಮಂಜು ಅಂತ ಗೊತ್ತಿದ್ದೂ ಆ ಕೆಲಸ ಕೊಟ್ಟಿದ್ದು ನನ್ನ ತಪ್ಪು. ನಾಳೆಯಿಂದ ಪೆಟ್ಟಿಗೆ ಮುಟ್ಟೋದು ಬೇಡ."

ಸಿದ್ದರಾಜು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡ. "ಇರ್ಬೋದು ಮೇಡಂ. ವಯಸ್ಸಾಯ್ತು ನೋಡಿ."

ಮಾಡದ ತಪ್ಪನ್ನು ಆ ಮನುಷ್ಯ ಅಷ್ಟು ಸುಲಭವಾಗಿ ಹೊತ್ತುಕೊಂಡ. ರಂಜಿತ ಸುಮ್ಮನೆ ನಿಂತಳು. ಯತೀಶ್ ಪಾರಾಗಿದ್ದ. ತಾನೂ ಪಾರಾಗಿದ್ದಳು. ಇನ್ನು ಯಾರಿಗೂ ಏನೂ ಗೊತ್ತಾಗುವುದಿಲ್ಲ. ಬೇರೆ ಊರಿನಲ್ಲಿ, ಬೇರೆ ಡಾಕ್ಟರ ಹತ್ತಿರ ಗುಟ್ಟಾಗಿ ಮದ್ದು ತೆಗೆದುಕೊಂಡರೆ ಮುಗಿಯಿತು.

ಹೊರಗೆ ಬಂದರೆ ಗೇಟಿನ ಬಳಿ ಯತೀಶನ ಬೈಕು! ಕರವಸ್ತ್ರವಿಲ್ಲದ ಮುಖ, ಕಿವಿಯವರೆಗೆ ನಗು.

"ಫೋನ್ ಬಂದೇಟ್ಗೆ ಮೊದ್ಲು ಅಕ್ಕನ ಮನೇಗೆ ಓದೆ. ಮಗೀನ ಎತ್ಕಂಡೆ. ಶರ್ಟೆಲ್ಲ ಒದ್ದೆ ಮಾಡ್ತು, ವಾಸ್ನೆ ಬತ್ತದೆ, ಬೈಕಬ್ಯಾಡ." ಅವನು ಒಂದೇ ಉಸಿರಿನಲ್ಲಿ ಹೇಳಿದ. "ಭಾನ್ವಾರ ಅಪ್ಪನ್ನ ಕರ್ಕಂಡು ನಿಮ್ಮನೇಗೆ ಬತ್ತೀನಿ. ಬರಬೋದು ತಾನೆ?"

ಅವಳು ತಲೆಯಾಡಿಸಿದಳು. ಹೌದೋ, ಇಲ್ಲವೋ, ಅವಳಿಗೇ ತಿಳಿಯಲಿಲ್ಲ.

ಯತೀಶನ ನಗು ನಿಧಾನವಾಗಿ ಇಳಿಯಿತು. "ಆದ್ರೆ ಅದು ಒಬ್ಳು ಎಂಗ್ಸಿನ ರಕ್ತ ಅಂದ್ರು ಮೇಡಂ, ಯಾರೋ ಪಾಪ. ನಂಗೆ ಗೊತ್ತಾಗಿ ಇಷ್ಟು ಸಂಕ್ಟ ಆಯ್ತು. ಅವ್ಳಿಗೆ ಗೊತ್ತೇ ಇಲ್ಲ. ಮನೇ ತುಂಬ ಮಕ್ಳು ಮರಿ ಇಟ್ಕಂಡು, ಮುದ್ದೆ ತೊಳಸ್ತಾ ಕುಂತಿರ್ತಾಳೆ. ಅವ್ಳನ್ನ ಬೇಗ ಉಡ್ಕು ರಂಜಿತಾ. ನಾನೂ ಬತ್ತೀನಿ ನಿನ್ ಜೊತೆ, ಮನೆ ಮನೆಗೆ ಓಗವಾ."

ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಈ ಕರುಣೆಯನ್ನು ತಡೆದುಕೊಳ್ಳಲು ಆಗಲಿಲ್ಲ.

"ಅವಳಿಗೆ ಗೊತ್ತು," ಎಂದಳು.

"ಯಾರ್ಗೆ?"

"ಆ ಹೆಂಗಸಿಗೆ. ಮೊದಲನೇ ದಿನದಿಂದ ಗೊತ್ತು. ಅದು ನನ್ನ ರಕ್ತ ಯತೀಶ್. ನೀವು ಬರಲಿಲ್ಲ, ನಿಮ್ಮ ಹೆಸರು ಹೋಗಿಬಿಡ್ತದೆ, ನಿಮ್ಮನ್ನ ನೋಡೋಕೆ ಆಗಲ್ಲ ಅಂತ... ನಾನೇ ತೆಗೆದು ತುಂಬಿಸಿದೆ."

ಅವನು ಬೈಕಿನ ಹ್ಯಾಂಡಲ್ ಹಿಡಿದುಕೊಂಡು ನಿಂತ.

"ವಾಂತಿ ಆಯ್ತದೆ ಅಂದಾಗ ನೀರು ಕುಡೀರಿ ಅಂದ್ಯಲ್ಲ. ಆಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು."

"ಬಸ್ ಸ್ಟ್ಯಾಂಡ್ನಾಗೆ? ಮಗೀನ ವಿಷ್ಯ ಏಳ್ದಾಗ?"

"ಗೊತ್ತಿತ್ತು."

ಅವನ ಕಣ್ಣಲ್ಲಿ ನೀರು ತುಂಬಿತು. "ನೀನಾದ್ರೂ ಮಾತ್ರೆ ತಗಂಡಾ?"

"ಇಲ್ಲ. ತಗೊಂಡ್ರೆ ಒಪ್ಕೊಂಡ ಹಾಗಾಗ್ತಿತ್ತು."

ಯತೀಶ್ ಬೈಕು ತಿರುಗಿಸಿಕೊಂಡು ಹೊರಟುಹೋದ. ಅವನು ಹಿಂದೆ ತಿರುಗಿ ನೋಡಲಿಲ್ಲ, ಅವಳೂ ಕರೆಯಲಿಲ್ಲ. ಮೆಟ್ಟಿಲು ಹತ್ತಿ ಮತ್ತೆ ಗಗನ ಅವರ ಕೋಣೆಗೆ ಹೋದಳು. ಸಿದ್ದರಾಜುವನ್ನೂ ಒಳಗೆ ಕರೆದು, ಅವನೆದುರೇ ಎಲ್ಲವನ್ನೂ ಹೇಳಿದಳು.

ಸಿದ್ದರಾಜು ಕನ್ನಡಕ ಹಾಕಿಕೊಂಡು ಅವಳನ್ನೇ ನೋಡಿದ. "ಅಂಗಾದ್ರೆ ನನ್ ಕಣ್ಣು ನೆಟ್ಗೇ ಅವೆ," ಎಂದವನೇ ಹೊರಗೆ ನಡೆದ.

ಗಗನ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಅವಳ ಕೊರಳಿನ ಗುರುತಿನ ಚೀಟಿಯನ್ನು ಕೇಳಿ ತೆಗೆದುಕೊಂಡು ಡ್ರಾಯರಿನಲ್ಲಿಟ್ಟರು. ಆಮೇಲೆ ಅವಳನ್ನು ತಾವೇ ಸ್ಕ್ಯಾನಿಂಗಿಗೆ ಕರೆದುಕೊಂಡು ಹೋದರು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಸಣ್ಣ ಕಲೆ. ಕಫದಲ್ಲಿ ಏನೂ ಇಲ್ಲ, ಇನ್ನೊಬ್ಬರಿಗೆ ಅಂಟುವ ಹಂತವಲ್ಲ. ಆರು ತಿಂಗಳ ಮಾತ್ರೆಯಲ್ಲಿ ಪೂರ್ತಿ ವಾಸಿಯಾಗುವಂಥದ್ದು.

"ಈ ಕೆಲಸ ಮಾಡದೆ ಇದ್ದಿದ್ರೆ ನಿನ್ನ ರಕ್ತವನ್ನ ಯಾರೂ ನೋಡ್ತಿರಲಿಲ್ಲ," ಎಂದರು ಗಗನ. "ಅದನ್ನ ಸಮಾಧಾನ ಅಂತ ಇಟ್ಕೋಬೇಡ."

ಇಟ್ಟುಕೊಳ್ಳಲಿಲ್ಲ ಅವಳು. ಆ ಹನ್ನೊಂದು ಹೆಂಗಸರಿಗೂ ಬರಬೇಕೆಂದು ಗಗನ ಅಷ್ಟರಲ್ಲೇ ಫೋನ್ ಮಾಡಿಸಿಬಿಟ್ಟಿದ್ದರು. ಹೆದರಿಕೊಂಡಿದ್ದ ಒಬ್ಬೊಬ್ಬರ ಮನೆ ಬಾಗಿಲಿಗೂ ರಂಜಿತ ಹೋದಳು. ನಿಮಗೇನೂ ಇಲ್ಲ, ತಪ್ಪು ನನ್ನದು ಎಂದು ಕೈಮುಗಿದಳು. ಕೆಲವರು ನೀರು ಕೊಟ್ಟರು. ಕೆಲವರು ಚೆನ್ನಾಗಿ ಬೈದರು. ಒಬ್ಬಾಕೆ ಬಾಗಿಲನ್ನೇ ಹಾಕಿಕೊಂಡಳು.

ಭಾನುವಾರ ಬಂತು. ಯಾರೂ ಬರಲಿಲ್ಲ. ಬರುತ್ತಾರೆಂದು ಅವಳೂ ಅಂದುಕೊಂಡಿರಲಿಲ್ಲ. ಆದರೂ ಬೆಳಗಿನಿಂದ ಮೂರು ಸಲ ಜಗಲಿಗೆ ಬಂದು ರಸ್ತೆ ನೋಡಿದ್ದು ಸುಳ್ಳಲ್ಲ.

ಅದರ ಮುಂದಿನ ಭಾನುವಾರ ಮಧ್ಯಾಹ್ನ ಮದ್ದೂರಿನ ಮನೆಯ ಜಗಲಿಯಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು. ಬೈಕಿನ ಸದ್ದು ಬಂತು. ಯತೀಶ್ ಒಬ್ಬನೇ. ಅವಳು ಗಾಬರಿಯಿಂದ ಎದ್ದು ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು.

"ದೂರ ಇರಿ."

"ಗಗನ ಮೇಡಂನ ಕೇಳ್ಕಂಡೇ ಬಂದಿವ್ನಿ. ಅಂಟಕಿಲ್ವಂತೆ." ಅವನು ಬಂದು ಜಗಲಿಯ ಮೇಲೆ, ಮೊರದ ಆಚೆ ಬದಿಗೆ ಕೂತ. "ಅನ್ನೊಂದು ಮನೆ ಬಾಗ್ಲಿಗೂ ಓಗಿ ಬಂದ್ಯಂತೆ. ಸಿದ್ದರಾಜಣ್ಣ ಏಳ್ದ."

ಅವಳು ಕೂತು ಮತ್ತೆ ಅಕ್ಕಿಗೆ ಕೈಹಾಕಿದಳು.

"ನಮ್ಮನೇಗೆ ಮಾತ್ರ ಬರ್ಲಿಲ್ಲ."

"ಧೈರ್ಯ ಬರಲಿಲ್ಲ," ಎಂದಳು. ಅಕ್ಕಿಯ ಮೇಲೆ ಒಂದು ಹನಿ ಬಿತ್ತು. "ನಿಮ್ಮ ಮುಂದೆ ಹೇಗೆ ನಿಲ್ಲಲಿ?"

"ಕ್ಷಮ್ಸಿವ್ನಿ ಅಂತ ಅನ್ಕಬ್ಯಾಡ. ನಂಗೆ ಕೋಪ ಅದೆ ರಂಜಿತಾ. ಬೆಳಿಗ್ಗೆ ಎದ್ರೆ ಅದೇ, ಡ್ಯೂಟಿನಾಗೂ ಅದೇ. ಅದು ಓದ್ಮೇಲೆ ಬರವಾ ಅಂತ ಕಾದೆ. ಓಗ್ಲಿಲ್ಲ. ನೀನು ಒಬ್ಳೇ ಮಾತ್ರೆ ನುಂಗ್ತಾ ಕುಂತಿರ್ತೀಯ ಅನ್ನೋದೂ ತಲೆಯಿಂದ ಓಗ್ಲಿಲ್ಲ. ಅದ್ಕೇ ಕೋಪ ಇಟ್ಕಂಡೇ ಬಂದಿವ್ನಿ."

ರಂಜಿತ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ಅವನು ಮೊರವನ್ನು ಪಕ್ಕಕ್ಕೆ ಸರಿಸಿ, ಹತ್ತಿರ ಬಂದು, ಅವಳ ಕೈಯನ್ನು ಮುಖದಿಂದ ಬಿಡಿಸಿ ತನ್ನ ಕೈಯಲ್ಲಿ ಹಿಡಿದುಕೊಂಡ.

"ಎಷ್ಟು ದಿನ ಇರ್ತದೆ ಈ ಕೋಪ?" ಎಂದಳು.

"ಗೊತ್ತಿಲ್ಲ ಕಣಮ್ಮಿ. ಮದ್ವೆ ಆದ್ಮೇಲೂ ಒಂದಿಷ್ಟು ಉಳೀಬೋದು." ಅವನ ದನಿ ಒಡೆಯಿತು. "ಪರ್ವಾಗಿಲ್ವಾ ನಿಂಗೆ?"

"ಪರ್ವಾಗಿಲ್ಲ," ಎಂದಳು ರಂಜಿತ.