ಬೆಳಕಿಗೂ ಸದ್ದಿಗೂ ನಡುವೆ

ಸೋಮವಾರ ಸಂಜೆ ಆರು ಗಂಟೆ ನಲವತ್ತು ನಿಮಿಷ. ನಗರಗೆರೆಯ ಪಶ್ಚಿಮ ಆಕಾಶದಲ್ಲಿ ಒಂದು ಬಿಳಿ ಬೆಳಕು ನಿಂತಿತ್ತು. ಮಿನುಗಲಿಲ್ಲ, ಸರಿಯಲಿಲ್ಲ. ಮೂವತ್ತೈದು ನಿಮಿಷ ಹಾಗೇ ಇದ್ದು, ಕೆಂಪಗಾಗಿ, ಮರೆಯಾಯಿತು.

ಅಂಬರೀಶ್ ಅದನ್ನು ಗೌರಿಬಿದನೂರು ಬಸ್ ನಿಲ್ದಾಣದ ಮುಂದೆ ನಿಂತು ನೋಡಿದ. ದಿನಪತ್ರಿಕೆಯೊಂದಕ್ಕೆ ಅವನು ತಾಲ್ಲೂಕು ವರದಿಗಾರ. ಜೇಬಿನಿಂದ ನೋಟ್‌ಬುಕ್ ತೆಗೆದು ಸಮಯ, ದಿಕ್ಕು ಬರೆದುಕೊಂಡ. ಆಗಲೇ ಫೋನ್ ಮಿಡಿಯಿತು. ಮೌನಿಕಾ.

'ನೋಡಿದ್ರಾ?'

'ನೋಡ್ತಾ ಇದೀನಿ.'

'ಭಾನುವಾರದ ನನ್ನ ನಿಶ್ಚಿತಾರ್ಥ ನಿಂತೋಗುತ್ತೆ ಕಣ್ರೀ.'

ಆ ಮೆಸೇಜನ್ನು ಅವನು ಮೂರು ಸಲ ಓದಿದ. ಸಂತೋಷಪಡುವುದು ಸರಿಯೋ ತಪ್ಪೋ ಗೊತ್ತಾಗಲಿಲ್ಲ. ಸಂತೋಷವಂತೂ ಆಗಿತ್ತು.

ಎಂಟು ತಿಂಗಳ ಹಿಂದೆ ಅವಳು ಮೊದಲು ಫೋನ್ ಮಾಡಿದ್ದು ಜಗಳಕ್ಕೆ. ನಗರಗೆರೆಯ ಪ್ರೌಢಶಾಲೆಯಲ್ಲಿ ಅವಳು ವಿಜ್ಞಾನದ ಟೀಚರ್. ಶಾಲೆಯ ವಸ್ತುಪ್ರದರ್ಶನದ ವರದಿಯಲ್ಲಿ ಅವನು ನಲವತ್ತಮೂರು ಮಾದರಿಗಳಿದ್ದವು ಎಂದು ಬರೆದಿದ್ದ.

"ನಲವತ್ತೆರಡು ರೀ. ಮಾಡಿಸಿದ್ದು ನಾನು. ನನಗೆ ಗೊತ್ತಿಲ್ವಾ?"

"ನಾನು ಎಣಿಸಿದೀನಿ ಮೇಡಂ."

"ಏನು, ಬೆರಳಿಟ್ಟು ಎಣಿಸಿದ್ರಾ?"

"ಹೌದು."

ಮಾರನೆಯ ದಿನ ಒಂದು ಮೆಸೇಜ್ ಬಂತು. 'ನಲವತ್ತಮೂರು. ಬಾಗಿಲ ಹಿಂದೆ ಒಂದಿತ್ತು. ಸಾರಿ.'

ಆಮೇಲೆ ಅವಳು ಅವನ ಪ್ರತಿಯೊಂದು ವರದಿಯಲ್ಲೂ ತಪ್ಪು ಹುಡುಕಿದಳು. ಸಿಗದಿದ್ದಾಗ ಕೋಪ ಮಾಡಿಕೊಂಡಳು. ಆ ಕೋಪ ಬರುವ ಹೊತ್ತಿಗೆ ಅವನು ಕಾಯತೊಡಗಿದ. ಒಮ್ಮೆ ಬೇಕೆಂದೇ ಒಂದು ತಪ್ಪು ಬಿಡೋಣ ಎನಿಸಿತು. ಕೈ ಬರಲಿಲ್ಲ.

ಇಬ್ಬರೂ ಇದಕ್ಕೆ ಒಂದು ಹೆಸರಿಡಲಿಲ್ಲ. ಇಟ್ಟು ಏನು ಮಾಡುವುದು? ಅವನ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿತ್ತು. ಆ ಪಟ ಅಲ್ಲಿಗೆ ಬಂದ ಕಾರಣ ಊರಿಗೆಲ್ಲ ಗೊತ್ತಿತ್ತು. ಅಂಥ ಮನೆಗೆ ಹೆಣ್ಣು ಕೊಡುವುದಿರಲಿ, ಅವಳ ತಂದೆ ಚನ್ನಕೇಶವ ಅಲ್ಲಿ ಒಂದು ಲೋಟ ನೀರು ಕುಡಿಯುವವರೂ ಅಲ್ಲ. ಚಿಂತಾಮಣಿಯ ಸಂಬಂಧ ಬಂದಾಗ ಅವಳು ಅದನ್ನು ಹವಾಮಾನದ ಸುದ್ದಿಯ ಹಾಗೆ ಹೇಳಿದ್ದಳು. ಅವನೂ ಹಾಗೇ ಕೇಳಿಸಿಕೊಂಡಿದ್ದ.

ಮಂಗಳವಾರ ಬೆಳಿಗ್ಗೆ ಫೋನ್ ಮಾಡಿದ್ದು ಚನ್ನಕೇಶವ ಅವರೇ.

"ಒಂದ್ಸಲ ಮನೆ ಹತ್ರ ಬಂದೋಗಿ ಸಾರ್. ನಿಮ್ಮಿಂದ ಒಂದು ಕೆಲಸ ಆಗ್ಬೇಕು."

ಜಗಲಿಯಲ್ಲಿ ಕುರ್ಚಿ ಹಾಕಿಸಿದರು. ಮನೆಯವರಿಗೆ ಕಾಫಿ ಸ್ಟೀಲ್ ಲೋಟದಲ್ಲಿ ಬಂತು, ಅವನಿಗೆ ಪೇಪರ್ ಕಪ್ಪಿನಲ್ಲಿ. ತಂದವಳು ಮೌನಿಕಾ. ಕಪ್ಪು ಕೊಡುವಾಗ ಅವಳು ಅವನ ಮುಖ ನೋಡಲಿಲ್ಲ. ಅವಳ ಕಿವಿ ಕೆಂಪಾಗಿದ್ದನ್ನು ಅವನು ನೋಡಿದ.

"ನಮ್ಮನೇಲಿ ಒಂದು ಕಟ್ಟಳೆ ಇದೆ," ಎಂದರು ಚನ್ನಕೇಶವ. "ಆಕಾಶದಲ್ಲಿ ತೇರು ಕಂಡ್ರೆ ಮೂರು ವರ್ಷ ಹೆಣ್ಣು ಹೊರಗೆ ಕೊಡಂಗಿಲ್ಲ. ಹಿಂದೆ ಯಾವಾಗ್ಲೋ, ನಮ್ಮ ವಂಶದ ಹುಡುಗಿ ಒಬ್ಳು ಮದುವೆ ಗೊತ್ತಾದಾಗ ಬಂಡೆ ಹತ್ತಿ ಅದನ್ನ ನೋಡಕ್ಕೆ ಹೋದ್ಲಂತೆ. ತಿರುಗಿ ಬರ್ಲಿಲ್ಲ. ಆದ್ರೆ ಗಂಡಿನ ಕಡೆಯೋರು ಮೂರು ವರ್ಷ ಕಾಯಲ್ಲ ಅಂತಾರೆ. ನಿನ್ನೆ ಕಂಡಿದ್ದು ತೇರೋ ಬೇರೆ ಏನೋ ನೀವೇ ತಿಳ್ಕೊಂಡು ಬರೀರಿ. ನೀವು ಬರ್ದಿದ್ದು ಇವತ್ತಿನವರೆಗೂ ಒಂದೂ ಸುಳ್ಳಾಗಿಲ್ಲ. ಪೇಪರಲ್ಲಿ ಬಂದಂಗೆ ನಾನು ನಡ್ಕೋತೀನಿ."

ಅಂಬರೀಶ್ ಕಾಫಿ ಕುಡಿದ. ಇಷ್ಟು ಗೌರವದಿಂದ ಯಾರೂ ಅವನನ್ನು ಇಕ್ಕಟ್ಟಿಗೆ ಸಿಕ್ಕಿಸಿರಲಿಲ್ಲ.

"ಆ ಹುಡುಗಿಯ ಕಥೆ ಯಾರು ಹೇಳ್ತಾರೆ?" ಎಂದು ಕೇಳಿದ.

"ಕಥೆ ಅಲ್ಲಪ್ಪ, ಪದ," ಎಂಬ ದನಿ ಒಳಗಿನಿಂದ ಬಂತು. ಚನ್ನಕೇಶವ ಅವರ ತಾಯಿ ವೆಂಕಟರತ್ನಮ್ಮ. ಎಂಬತ್ತು ದಾಟಿದ ಅಜ್ಜಿ. "ಹಾಡಿದ್ರೆ ಬೀಸ್ಬೇಕು. ಮೌನೀ, ರಾಗಿ ತಾ."

ಅಜ್ಜಿ ಬೀಸುಕಲ್ಲಿನ ಮುಂದೆ ಕುಳಿತು ಹಾಡಿದರು. ಪಡುವಣ ಬಾನಿನಲ್ಲಿ ಬೆಂಕಿಯ ತೇರು ಬಂತು, ಬಂಡೆಯ ನೆರಳು ತಿರುಗಿತು, ದನ ಹಗ್ಗ ಕಿತ್ತವು. ಅಲ್ಲಿಗೆ ಹಾಡು ನಿಂತಿತು. ಅಜ್ಜಿ ಒಂದು ಹಿಡಿ ರಾಗಿ ಹಾಕಿ ಸುಮ್ಮನೆ ಬೀಸತೊಡಗಿದರು. ಅಂಬರೀಶ್ ಅಭ್ಯಾಸಬಲದಿಂದ ಗಡಿಯಾರ ನೋಡಿದ. ಎರಡು ನಿಮಿಷ ಹತ್ತು ಸೆಕೆಂಡು. ರಾಗಿ ಮುಗಿಯಿತು. ಆಮೇಲೆ ಅಜ್ಜಿ ದನಿ ಎತ್ತಿದರು: ಗುಡುಗಿತು, ಬಂಡೆ ಬಿರಿಯಿತು, ಹುಡುಗಿ ಇಲ್ಲ.

"ಮಧ್ಯ ಯಾಕಮ್ಮಾ ನಿಲ್ಸಿದ್ರಿ?"

"ನಿಲ್ಸಿಲ್ಲ ನಾಯನಾ. ಪದ ಇರೋದೇ ಹಂಗೆ. ಬೆಳಕು ಬಂದ್ಮೇಲೆ ಒಂದು ಹಿಡಿ ರಾಗಿ ಬೀಸೋ ಹೊತ್ತಾಗಿ ಸದ್ದು ಬಂತು. ಅಷ್ಟೊತ್ತೂ ಹಾಡಂಗಿಲ್ಲ. ನಮ್ಮತ್ತೆ ಹಂಗೇ ಕಲ್ಸಿದ್ದು."

"ಮತ್ತೆ ನಿನ್ನೆ? ಸದ್ದು ಬಂತಾ?"

ಅಜ್ಜಿ ಮೊಮ್ಮಗಳ ಕಡೆ ನೋಡಿದರು. "ನನಗೆ ಕಿವಿ ಕೇಳಲ್ಲ ನಾಯನಾ," ಎಂದರು.

ಇದುವರೆಗೆ ಅವನು ಕೇಳಿದ್ದೆಲ್ಲವೂ ಅವರಿಗೆ ಕೇಳಿಸಿತ್ತು.

ಬುಧವಾರ ಮಧ್ಯಾಹ್ನ ಮಂಡಿಕಲ್‌ನಿಂದ ಒಂದು ಕರೆ. ಮುನಿಗಂಗಪ್ಪ ಎಂಬ ರೈತರು. "ನಮ್ಮ ದ್ರಾಕ್ಷಿ ಚಪ್ಪರದ ಮೇಲೆ ಏನೋ ಬಿದ್ದದೆ ಸ್ವಾಮಿ. ಬೇಗ ಬನ್ನಿ, ನಮ್ಮೋಳು ಅದಕ್ಕೆ ಅರಿಶಿನ ಕುಂಕುಮ ಇಡ್ತಾವ್ಳೆ!"

ಚಪ್ಪರದ ಮೇಲೆ ತೆಳು ಪ್ಲಾಸ್ಟಿಕ್ಕಿನ ದೊಡ್ಡ ರಾಶಿ ಹರಡಿತ್ತು. ತುದಿಯಲ್ಲಿ ಒಂದು ಥರ್ಮೊಕೋಲ್ ಪೆಟ್ಟಿಗೆ. ಕುಂಕುಮದ ಪಕ್ಕದಲ್ಲೇ ಒಂದು ಚೀಟಿ: ಇದು ಹವಾಮಾನ ಸಂಶೋಧನೆಯ ಬಲೂನ್, ಅಪಾಯವಿಲ್ಲ, ಈ ನಂಬರಿಗೆ ತಿಳಿಸಿ. ಅಂಬರೀಶ್ ತಿಳಿಸಿದ. ಆ ಕಡೆಯ ವಿಜ್ಞಾನಿ ಸೌಜನ್ಯದಿಂದ ವಿವರಿಸಿದರು. ಸೋಮವಾರ ಸಂಜೆ ಅದು ಸುಮಾರು ಮೂವತ್ತು ಕಿಲೋಮೀಟರ್ ಎತ್ತರದಲ್ಲಿತ್ತು. ನೆಲದಲ್ಲಿ ಕತ್ತಲಾದರೂ ಅಷ್ಟು ಮೇಲೆ ಬಿಸಿಲು ಇರುತ್ತದೆ, ಹಾಗಾಗಿ ಹೊಳೆಯಿತು.

ಎಲ್ಲ ತಾಳೆಯಾಯಿತು. ಸಮಯ, ದಿಕ್ಕು, ಕೆಂಪು. ಅವನ ವೃತ್ತಿಜೀವನದಲ್ಲೇ ಇಷ್ಟು ಸ್ವಚ್ಛವಾದ ಸುದ್ದಿ ಸಿಕ್ಕಿರಲಿಲ್ಲ. ಆಫೀಸಿಗೆ ಅವನು ಅದನ್ನು ಕಳಿಸಲಿಲ್ಲ.

ಗುರುವಾರ ಬಿಸಿಯೂಟದ ಹೊತ್ತಿಗೆ ಶಾಲೆಗೆ ಹೋದ. ಮೌನಿಕಾ ಪ್ರಯೋಗಾಲಯದಲ್ಲಿ ಒಬ್ಬಳೇ ಇದ್ದಳು.

"ಮುಖ ನೋಡಿದ್ರೇ ಗೊತ್ತಾಗುತ್ತೆ," ಎಂದಳು. "ಏನೋ ಸಿಕ್ಕಿದೆ ನಿಮಗೆ. ಸಿಕ್ಕಿದಾಗ ಹುಬ್ಬು ಹಿಂಗಿರುತ್ತೆ." ತನ್ನ ಹುಬ್ಬನ್ನು ಅವನ ಹಾಗೆ ಗಂಟಿಕ್ಕಿ ತೋರಿಸಿದಳು. ಅವನಿಗೆ ನಗು ಬಂತು. ನಗುತ್ತಲೇ ಫೋನಿನಲ್ಲಿದ್ದ ಚೀಟಿಯ ಫೋಟೋ ತೋರಿಸಿದ.

ಅವಳು ಒಮ್ಮೆ ನೋಡಿ ಫೋನನ್ನು ಅವನ ಕಡೆಗೇ ಸರಿಸಿದಳು.

"ನನಗೆ ಸೋಮವಾರವೇ ಗೊತ್ತಿತ್ತು. ಸ್ಕೂಲಿನ ಬೈನಾಕ್ಯುಲರಲ್ಲಿ ನೋಡಿದೆ. ಉದ್ದಿನ ವಡೆ ಥರ ಉಬ್ಬಿತ್ತು, ಕೆಳಗೆ ಚೂಪು. ಅಜ್ಜಿಗೂ ಗೊತ್ತು. ಅವತ್ತು ಹಿತ್ತಲಲ್ಲಿ ಕೂತು ಒಂದು ಹಿಡಿ ರಾಗಿ ಬೀಸಿದ್ರು. ಸದ್ದು ಬರ್ಲಿಲ್ಲ. ಮತ್ತೊಂದು ಹಿಡಿ ಬೀಸಿ ನೋಡಿದ್ರು. ಆಮೇಲೆ ಒಳಗೆ ಬಂದು, ಅಪ್ಪನಿಗೆ ತೇರೇ ಅಂದ್ಬಿಟ್ರು."

"ಅವರಿಗೆ ನಮ್ಮ ವಿಷಯ..."

"ಗೊತ್ತಿರ್ಬೇಕು. ನನ್ನ ಕೇಳಿಲ್ಲ." ಅವಳು ಮೇಜಿನ ಮೇಲಿದ್ದ ಬೀಕರನ್ನು ಅತ್ತಿತ್ತ ಸರಿಸಿದಳು. "ರೀ, ಹಳೇ ತೇರು ಮಾತ್ರ ಸುಳ್ಳಲ್ಲ ಅನ್ಸುತ್ತೆ. ಸುಮ್ನೆ ಕಟ್ಟಿದ ಕಥೆ ಆಗಿದ್ರೆ ಬೆಳಕು, ಗುಡುಗು ಒಟ್ಟಿಗೇ ಇರ್ತಿತ್ತು. ನೀವು ಅಳೆದು ಹೇಳಿದ್ರಲ್ಲ, ಎರಡು ನಿಮಿಷ ಹತ್ತು ಸೆಕೆಂಡು ಅಂತ, ಸದ್ದಿನ ಲೆಕ್ಕದಲ್ಲಿ ಅದು ನಲವತ್ತು ಚಿಲ್ಲರೆ ಕಿಲೋಮೀಟರ್ ದೂರ. ದೊಡ್ಡ ಉಲ್ಕೆ ಸಿಡಿಯೋದು ಸುಮಾರು ಅಲ್ಲೇ. ಯಾರೋ ಹೆಂಗಸು ಬೀಸ್ತಾ ಕೂತಿದ್ಲು, ನಿಜವಾಗ್ಲೂ ಏನೋ ನೋಡಿದ್ಲು, ಅದನ್ನ ರಾಗಿಲಿ ಅಳೆದು ಇಟ್ಲು."

"ಉಲ್ಕೆನೇ ಅಂತ ಹೇಳಕ್ಕಾಗಲ್ಲ."

"ಗೊತ್ತು. ಏನೋ ಒಂದು ಅನ್ನಬಹುದು, ಅಷ್ಟೇ. ಆ ಏನೋ ಒಂದು ಈ ಸೋಮವಾರ ಬರಬಾರದಿತ್ತಾ?"

ಹೊರಗೆ ಮಕ್ಕಳು ತಟ್ಟೆ ತೊಳೆಯುವ ಸದ್ದು. ಅಂಬರೀಶ್ ಹೇಳಿದ: "ನಾನಿನ್ನೂ ಕಳಿಸಿಲ್ಲ. ಬೇಡ ಅಂದ್ರೆ ಕಳಿಸಲ್ಲ. ಏನಂತ ಗೊತ್ತಾಗಿಲ್ಲ ಅಂತ ಎರಡು ಸಾಲು ಬರೆದರೆ ಸಾಕು."

ಅವಳು ತಲೆ ಎತ್ತಿ ಅವನನ್ನು ನೋಡಿದಳು. ಎಂಟು ತಿಂಗಳಲ್ಲಿ ಇಷ್ಟು ನೇರವಾಗಿ ನೋಡಿರಲಿಲ್ಲ. ಒಂದು ಕ್ಷಣ ಅವಳು ಹೂಂ ಎನ್ನುತ್ತಾಳೆ ಎಂದು ಅವನು ತಿಳಿದ. ಅನ್ನಲಿ ಎಂದು ಬೇಡಿಕೊಂಡ.

ಅವಳು ಡ್ರಾಯರಿನಿಂದ ಒಂದು ನೋಟ್‌ಬುಕ್ ತೆಗೆದಳು. ಒಂಬತ್ತನೇ ತರಗತಿಯ ತನುಜಳದ್ದು. ಪೆನ್ಸಿಲ್ಲಿನಲ್ಲಿ ಬರೆದಿತ್ತು: 'ಸೋಮವಾರ ಕಂಡ ಬೆಳಕು: ದೇವರ ತೇರು. ಟೀಚರ್ ಕೂಡ ಗೊತ್ತಿಲ್ಲ ಎಂದರು.'

"ಮೂರು ದಿನದಿಂದ ಕ್ಲಾಸಲ್ಲಿ ನಾನು ಸುಳ್ಳು ಹೇಳ್ತಾ ಇದೀನಿ. ನನ್ನ ಸುಳ್ಳು ನಾನು ಹೊರ್ತೀನಿ, ಅದು ಬೇರೆ. ನಿಮ್ಮ ಕೈಲಿ ಸುಳ್ಳು ಬರೆಸಿ ನಾನು ಎಲ್ಲಿಗೆ ಬರ್ಲಿ ಹೇಳಿ? ನಾನು ಇಷ್ಟಪಟ್ಟಿದ್ದು ಆ ನಲವತ್ತಮೂರನ್ನ."

"ಮೌನಿಕಾ, ನಾನು ಬಂದು ನಿಮ್ಮಪ್ಪನ ಹತ್ರ ಮಾತಾಡ್ಲಾ?"

"ಮಾತಾಡಿ. ಜಗಲೀಲಿ ಕೂರಿಸ್ತಾರೆ. ಪೇಪರ್ ಕಪ್ಪಲ್ಲಿ ಕಾಫಿ ಕೊಡ್ತಾರೆ. ಆಮೇಲೆ ನನ್ನ ಕೆಲಸ ಬಿಡಿಸ್ತಾರೆ, ನಿಮ್ಮ ಮನೆ ಮುಂದೆ ಜನ ಬರ್ತಾರೆ. ನಿಮ್ಮಮ್ಮ ಒಬ್ಬರೇ ಇರ್ತಾರೆ ಅಲ್ವಾ ಹಗಲೊತ್ತು?"

ಅವಳು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ.

"ಕಳಿಸಿ ರೀ," ಎಂದಳು. "ಹಾಡಿನ ವಿಷಯಾನೂ ಬರೀರಿ. ಅಜ್ಜಿ ಹೆಸರು ಹಾಕಿ." ಗಂಟೆ ಹೊಡೆಯಿತು. ಹೋಗುವಾಗ ಅವನ ಅಂಗಿಯ ತೋಳಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದಳು. ಅಷ್ಟೇ. ಹಿಡಿದು ಬಿಟ್ಟಳು.

ಶುಕ್ರವಾರ ನಾಲ್ಕನೇ ಪುಟದಲ್ಲಿ ಹನ್ನೊಂದು ಸಾಲು ಬಂತು. 'ನಗರಗೆರೆಯಲ್ಲಿ ಕಂಡದ್ದು ಸಂಶೋಧನಾ ಬಲೂನ್.' ವೆಂಕಟರತ್ನಮ್ಮನವರ ಹಾಡಿನ ಪ್ಯಾರಾವನ್ನು ಜಾಗವಿಲ್ಲವೆಂದು ಡೆಸ್ಕ್‌ನವರು ತೆಗೆದಿದ್ದರು. ಬೆಳಿಗ್ಗೆ ಏಳಕ್ಕೆ ಚನ್ನಕೇಶವ ಫೋನ್ ಮಾಡಿದರು.

"ನಿಮ್ಮ ಉಪಕಾರ ಮರೆಯಲ್ಲ ಸಾರ್. ಭಾನುವಾರ ಊಟಕ್ಕೆ ಬರ್ಲೇಬೇಕು."

ಭಾನುವಾರ ಅವನು ಶಿಡ್ಲಘಟ್ಟದಲ್ಲಿ ರೇಷ್ಮೆ ಬೆಳೆಗಾರರ ಸಭೆಯ ವರದಿಗೆ ಹೋಗಿದ್ದ. ಚಿಂತಾಮಣಿಯಿಂದ ಎರಡು ಕಾರು, ಒಂದು ಟೆಂಪೊ ಟ್ರಾವೆಲರ್ ನಗರಗೆರೆಗೆ ಬಂದವು. ಹತ್ತು ನಲವತ್ತಕ್ಕೆ ತಾಂಬೂಲ ಬದಲಾಯಿತು.

ಹನ್ನೊಂದು ಐದಕ್ಕೆ ಅವನ ಫೋನಿಗೆ ಒಂದು ಆಡಿಯೊ ಬಂತು. ಜೊತೆಗೆ ಒಂದು ಅಕ್ಷರವೂ ಇರಲಿಲ್ಲ. ಸಭೆಯಿಂದ ಹೊರಗೆ ಬಂದು ಕಿವಿಗಿಟ್ಟುಕೊಂಡ. ಅಜ್ಜಿಯ ಹಾಡು. ಬೆಂಕಿಯ ತೇರು ಬಂತು, ನೆರಳು ತಿರುಗಿತು, ದನ ಹಗ್ಗ ಕಿತ್ತವು. ಆಮೇಲೆ ಬೀಸುಕಲ್ಲು. ಅದರ ನಡುವೆ ಒಮ್ಮೆ, ಹತ್ತಿರದಿಂದ, ಮೌನಿಕಾ "ಅಂಬರೀಶ್" ಎಂದಳು. ಅವಳು ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಬೀಸುವ ಸದ್ದು ಮುಂದುವರಿಯಿತು.

ಅವನು ಗಡಿಯಾರ ನೋಡಿದ. ರಾಗಿ ಮುಗಿಯುವ ಮೊದಲೇ ರೆಕಾರ್ಡಿಂಗ್ ನಿಂತಿತು. ಬೀಸಲು ಶುರುವಾಗಿ ಒಂದು ನಿಮಿಷ ನಲವತ್ತೈದು ಸೆಕೆಂಡು.

ಮದುವೆ ಮೇ ಹನ್ನೊಂದಕ್ಕೆ ಚಿಂತಾಮಣಿಯಲ್ಲಿ ನಡೆಯಿತು.