ಇಪ್ಪತ್ತೇಳನೆಯ ಟೈರು

ಭಾನುವಾರ, ದಿನಾಂಕ ೧೪. ಸಂಜೆ ನಾಲ್ಕು ಗಂಟೆ ಇಪ್ಪತ್ತೈದು ನಿಮಿಷ. ಠಾಣೆಯ ಮೆಟ್ಟಿಲು ಹತ್ತಿ ಬಂದವನ ಎರಡೂ ಅಂಗೈ ರಕ್ತವಾಗಿದ್ದವು. ಅವನು ಹಿಡಿದು ನಿಂತ ಬಾಗಿಲಿನ ಮೇಲೆ ಐದೂ ಬೆರಳು ಮೂಡಿದವು.

"ನಮ್ಮಣ್ಣನ್ನ ಹೊಡೆದು ಹಾಕಿದಾರೆ ಸಾರ್."

"ಎಲ್ಲಿ?" ಹೆಡ್ ಕಾನ್‌ಸ್ಟೇಬಲ್ ಪೆನ್ನು ತೆಗೆದ.

"ಅಂಗಡೀಲಿ. ಗ್ಯಾರೇಜ್ ಸಾಲಿನ ಕೊನೇದು, ಹಳೇ ಟೈರಿನ ಅಂಗಡಿ."

ಪೆನ್ನು ಅರೆಗಳಿಗೆ ನಿಂತಿತು. ಮೂರು ವಾರದ ಹಿಂದೆ ಹೆಡ್ ಕಾನ್‌ಸ್ಟೇಬಲ್ ತನ್ನ ಬೈಕಿನ ಹಿಂದಿನ ಟೈರನ್ನು ಅಲ್ಲೇ ಅರ್ಧ ಬೆಲೆಗೆ ಕೊಂಡಿದ್ದ. ಕೈ ಬಿಗಿ ಎಂದು ಇಲಾಖೆಯಲ್ಲೆಲ್ಲ ಹೆಸರಾದವನು, ಹೆಂಡತಿಯ ಮುಂದೆ ಮೀಸೆ ತಿರುವಿ ಹೇಳಿಕೊಂಡೂ ಆಗಿತ್ತು. ಆ ಬೈಕನ್ನು ದಿನಾ ಆಸ್ಪತ್ರೆಗೆ ಓಡಿಸಿಕೊಂಡು ಹೋಗುವವಳು ನರ್ಸ್ ಕೆಲಸದ ಅವನ ಮಗಳು. ಅವನು ದೂರು ಬರೆದುಕೊಂಡ.

ಎಫ್‌ಐಆರ್ ದಾಖಲಿಸಿ, ಇನ್‌ಸ್ಪೆಕ್ಟರ್ ಜೊತೆ ಸ್ಥಳಕ್ಕೆ ಹೋದಾಗ ಐದಕ್ಕೆ ಹತ್ತು ನಿಮಿಷ. ಪಕ್ಕದ ಗ್ಯಾರೇಜಿನ ಇಬ್ಬರನ್ನು ಪಂಚರನ್ನಾಗಿ ಕರೆದು ಪಂಚನಾಮೆ ಶುರುಮಾಡಿದರು. ಅಂಗಡಿಯವನು ಬೋರಲು ಬಿದ್ದಿದ್ದ. ತಲೆಯ ಹಿಂಭಾಗ ಒಳಕ್ಕೆ ಕುಸಿದಿತ್ತು. ಎರಡು ಹಲ್ಲು ಒಂದು ಮೊಳ ದೂರದಲ್ಲಿ ಬಿದ್ದಿದ್ದವು. ಏಟು ಒಂದೆರಡಲ್ಲ, ಬಿದ್ದ ಮೇಲೂ ಹೊಡೆದ ಹಾಗಿತ್ತು. ಗೋಡೆ, ಕುರ್ಚಿ, ಸಾಲಾಗಿ ಒರಗಿಸಿದ್ದ ಟೈರುಗಳು, ಎಲ್ಲದರ ಮೇಲೂ ರಕ್ತ ಚಿಮ್ಮಿತ್ತು. ಗಲ್ಲಾಪೆಟ್ಟಿಗೆಯನ್ನು ಯಾರೂ ಮುಟ್ಟಿರಲಿಲ್ಲ.

ಅಂಗಡಿಯಲ್ಲಿ ನಲವತ್ತೊಂದು ಟೈರುಗಳಿದ್ದವು. ಇಪ್ಪತ್ತಾರರ ಮೇಲೆ ಸೀಮೆಸುಣ್ಣದ ದೊಡ್ಡ ಇಂಟು ಗುರುತು.

"ಇದೇನಯ್ಯಾ?" ಇನ್‌ಸ್ಪೆಕ್ಟರ್ ಸತ್ತವನ ತಮ್ಮನನ್ನು ಕೇಳಿದರು.

"ಗೊತ್ತಿಲ್ಲ ಸಾರ್. ಒಂದೂವರೆಗೆ ನಾನು ಊಟಕ್ಕೆ ಹೋದಾಗ ಇರ್ಲಿಲ್ಲ."

ಹೆಡ್ ಕಾನ್‌ಸ್ಟೇಬಲ್ ಕುಕ್ಕರಗಾಲಲ್ಲಿ ಕೂತು ಒಂದು ಗುರುತನ್ನು ಹತ್ತಿರದಿಂದ ನೋಡಿದ. ಸೀಮೆಸುಣ್ಣ ರಕ್ತದ ಹನಿಯ ಮೇಲೆ ಹಾದುಹೋಗಿತ್ತು. ಬಿಳಿ ಗೆರೆ ಅಲ್ಲಿ ನಸುಗೆಂಪಾಗಿತ್ತು.

"ಕೊಂದ ಮೇಲೆ ಹಾಕಿರೋದು ಸಾರ್. ಹೆಣ ಪಕ್ಕದಲ್ಲಿಟ್ಕೊಂಡು ಒಂದೊಂದೇ ಟೈರು ನೋಡಿದಾನೆ."

"ಹುಚ್ಚನಾ?"

"ಹುಚ್ಚ ಆಗಿದ್ರೆ ಎಲ್ಲದಕ್ಕೂ ಹಾಕ್ತಿದ್ದ."

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಇಲಾಖೆಯ ವಾಹನ ವಿಭಾಗದ ಮೆಕ್ಯಾನಿಕ್ ಬಂದ. ಬಾಯಿಗೆ ಬಿಡುವು ಕೊಡದ ಮನುಷ್ಯ. ಗುರುತು ಹಾಕಿದ್ದನ್ನೆಲ್ಲ ಒಂದು ಕಡೆ ಹಾಕಿಸಿ ಪಾಠ ಶುರುಮಾಡಿದ. ಪಕ್ಕದಲ್ಲಿ ಅಚ್ಚೊತ್ತಿರುವ ನಾಲ್ಕು ಅಂಕಿ ಯಾವ ವಾರ, ಯಾವ ವರ್ಷ ಮಾಡಿದ್ದು ಅಂತ ಹೇಳುತ್ತೆ. ಬಗ್ಗಿಸಿದರೆ ಕೂದಲೆಳೆಯ ಬಿರುಕು ಬಾಯಿ ಬಿಡುತ್ತೆ. ಪಕ್ಕ ಊದಿದ್ದರೆ ಮುಗೀತು. ಸವೆದ ಪಟ್ಟೆಯನ್ನು ಬಿಸಿ ಬ್ಲೇಡಿನಿಂದ ಕೊರೆದು ಆಳ ಮಾಡಿದ್ದರೆ ಬುಡದಲ್ಲಿ ನೂಲು ಕಾಣುತ್ತೆ. ಇಪ್ಪತ್ತೈದು ಟೈರು ನೋಡಿ, "ಕೊಲೆಗಾರನಿಗೆ ನನ್ನ ಕೆಲಸ ಕೊಡಬಹುದು ಬಿಡಿ" ಎಂದ.

ಇಪ್ಪತ್ತಾರನೆಯದು ಮಾತ್ರ ಅವನ ಬಾಯಿ ಕಟ್ಟಿಸಿತು. ಬಿರುಕಿಲ್ಲ, ಊತವಿಲ್ಲ. ಕೊನೆಗೆ ಒಳಗೆ ಅಂಗೈ ಆಡಿಸಿ ನಿಂತ. "ಇಲ್ಲಿ ತೇಪೆ ಹಾಕಿದ್ರು, ಕಿತ್ತಿದಾರೆ. ಗುರುತು ನೋಡಿ. ಚೌಕ ಕತ್ತರಿಸಿ, ನಾಲ್ಕೂ ಮೂಲೆ ಹಾರಿಸಿದಾರೆ. ಮೂಲೆ ಏಳಬಾರದು ಅಂತ. ಈಗ ಯಾರು ಇಷ್ಟು ತಾಳ್ಮೆಯಿಂದ ಮಾಡ್ತಾರೆ? ಎಲ್ಲ ಸಿದ್ಧ ತೇಪೆ, ದುಂಡಗಿರೋದು."

ತಮ್ಮನನ್ನು ಠಾಣೆಗೆ ಕರೆಸಿದರು.

"ತೇಪೆ ಕಿತ್ತಿದ್ದು ಯಾರು?"

"ನಾನೇ ಸಾರ್."

"ಯಾಕೆ?"

"ತೇಪೆ ಕಂಡ್ರೆ ಯಾರು ತಗೋತಾರೆ? ಕಿತ್ತು, ಪಟ್ಟೆ ಕೊರೆದು, ಕರಿ ಪಾಲಿಶ್ ಹೊಡೀತಿದ್ದೆ. ತಗೊಳ್ಳೋರಿಗೆ ಕಣ್ಣಿಲ್ವಾ ಸಾರ್?"

ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಹೆಡ್ ಕಾನ್‌ಸ್ಟೇಬಲ್ ವಿಚಾರಣೆಯಲ್ಲಿ ಯಾರನ್ನೂ ಹೊಡೆದವನಲ್ಲ. ಈಗ ಕೈ ಬೀಸಿದ; ಆ ಏಟಿಗೆ ಕುರ್ಚಿ ಸಮೇತ ತಮ್ಮ ಉರುಳಿದ, ತುಟಿ ಒಡೆಯಿತು. ಇನ್‌ಸ್ಪೆಕ್ಟರ್ ಬೆರಗಾಗಿ ನೋಡಿದರು. ಹೆಡ್ ಕಾನ್‌ಸ್ಟೇಬಲ್‌ಗೆ ತನ್ನ ಮೇಲೆಯೇ ನಾಚಿಕೆಯಾಯಿತು. ಹೊರಗೆ ಹೋಗಿ, ಮಗಳಿಗೆ ಎರಡು ದಿನ ರಜೆಯೆಂದು ತಾನು ತಂದಿದ್ದ ಬೈಕಿನ ಟೈರು ನೋಡಿದ. ವರ್ಷ ಹಳೆಯದಲ್ಲ, ಬಿರುಕಿಲ್ಲ, ಊತವಿಲ್ಲ. ಅಬ್ಬಾ ಎಂದುಕೊಂಡ.

ಕಣ್ಣಿಗೆ ಕಾಣದ ದೋಷ ತೇಪೆ ಹಾಕಿದವನಿಗೇ ಗೊತ್ತಿರಬೇಕೆಂದು, ಮಂಗಳವಾರ ಅವನನ್ನು ಹುಡುಕಿಕೊಂಡು ಮಫ್ತಿಯಲ್ಲಿ ಹೊರಟ. ಪ್ರತಿ ಪಂಕ್ಚರ್ ಅಂಗಡಿ ಹತ್ತಿರವಾದಾಗ ತಾನೇ ಟೈರಿಗೆ ಮೊಳೆ ಹೊಡೆದು, ಮುಖ ಸಪ್ಪೆ ಮಾಡಿಕೊಂಡು ಬೈಕು ತಳ್ಳಿಕೊಂಡು ಹೋದ. ಮಧ್ಯಾಹ್ನ ಹನ್ನೆರಡರೊಳಗೆ ಟ್ಯೂಬಿಗೆ ನಾಲ್ಕು ತೇಪೆ ಬಿದ್ದಿದ್ದವು, ನಾಲ್ಕೂ ದುಂಡಗೆ. ನಾಲ್ವರೂ ಬಿಚ್ಚಿದರು, ತಟ್ಟಿದರು, ಹಾಕಿಕೊಟ್ಟರು. ನಾಲ್ಕು ಜನರ ಕೈ ದಾಟಿದ ಟೈರು, ಇನ್ನೇನು ಭಯ ಎಂದು ಅವನ ಮನಸ್ಸು ಹಗುರವಾಗಿತ್ತು.

ಐದನೆಯ ಅಂಗಡಿಯವನು ಐವತ್ತರ ಆಸುಪಾಸಿನ ಮನುಷ್ಯ. ಹಳೆಯ ಟ್ಯೂಬಿನಿಂದ ಚೌಕ ಕತ್ತರಿಸಿದ, ಕತ್ತರಿ ತಿರುಗಿಸಿ ನಾಲ್ಕೂ ಮೂಲೆ ಹಾರಿಸಿದ. ಹೆಡ್ ಕಾನ್‌ಸ್ಟೇಬಲ್ ಬಗ್ಗಿ ಆ ತೇಪೆ ನೋಡಿದ. ತೇಪೆ ಅಂಟಿಸಿಯಾದ ಮೇಲೆ ಆ ಮನುಷ್ಯ ಟೈರಿನೊಳಗೆ ಅಂಗೈ ಆಡಿಸುತ್ತ ಹೋಗಿ, ಒಂದು ಕಡೆ ನಿಲ್ಲಿಸಿದ.

"ಇದನ್ನ ನಾನು ಹಾಕಲ್ಲ ಯಜಮಾನ್ರೇ."

"ಯಾಕೆ? ಚೆನ್ನಾಗೇ ಇದೆಯಲ್ಲ."

"ಒಳಗೆ ಕೈ ಹಾಕಿ ನೋಡಿ."

ಅವನು ಕೈ ಹಾಕಿದ. ಕಿರುಬೆರಳಷ್ಟು ಉದ್ದದ ಸೀಳು, ಹರಿದ ನೂಲುಗಳು ಚುಚ್ಚಿದವು.

"ಬಿಸಿಲಲ್ಲಿ ಜೋರಾಗಿ ಓಡಿಸಿದ್ರೆ ಸಿಡಿಯುತ್ತೆ. ಯಾರು ಓಡಿಸೋದು?"

"ನನ್ನ ಮಗಳು."

ಆ ಮನುಷ್ಯ ಒಂದು ಕ್ಷಣ ಅವನ ಕಾಲಿನ ಕಡೆ ನೋಡಿದ. ಕಿವಿಯ ಸಂದಿಯಿಂದ ಸೀಮೆಸುಣ್ಣ ತೆಗೆದು ಟೈರಿನ ಮೇಲೆ ದೊಡ್ಡದಾಗಿ ಇಂಟು ಗುರುತು ಎಳೆದ.

ಹೆಡ್ ಕಾನ್‌ಸ್ಟೇಬಲ್ ಪಕ್ಕಕ್ಕೆ ಹೋಗಿ ಇನ್‌ಸ್ಪೆಕ್ಟರ್‌ಗೆ ಫೋನ್ ಮಾಡಿದ. ಹನ್ನೆರಡೂವರೆಗೆ ಜೀಪು ಬಂತು. ಆರೋಪಿ ಅಂಗಡಿಗೆ ಬರುತ್ತಿದ್ದವನೇ ಎಂದು ಗುರುತಿಸಲು ಇನ್‌ಸ್ಪೆಕ್ಟರ್ ತಮ್ಮನನ್ನೂ ಕರೆತಂದಿದ್ದರು. ಅದೇ ತಪ್ಪಾಯಿತು. ಅವನ ಮುಖ ಕಂಡದ್ದೇ ತಡ, ಪಂಕ್ಚರ್‌ನವನು ಟೈರು ಬಿಚ್ಚುವ ಕಬ್ಬಿಣದ ಸಲಾಕೆ ಎತ್ತಿಕೊಂಡು ನುಗ್ಗಿದ. ಮೊದಲ ಏಟಿಗೆ ತಮ್ಮನ ದವಡೆ ಮುರಿದ ಸದ್ದು ರಸ್ತೆಯಾಚೆಗೂ ಕೇಳಿಸಿತು. ಎರಡನೆಯದು ತಲೆಗೆ ಬೀಳಬೇಕಿತ್ತು; ಅಡ್ಡ ಬಂದ ಹೆಡ್ ಕಾನ್‌ಸ್ಟೇಬಲ್‌ನ ಬಲಗೈಗೆ ಬಿತ್ತು, ಮೂಳೆ ಎರಡಾಯಿತು. ಜೀಪಿನಲ್ಲಿ ಬಂದ ಮೂವರು ಪೊಲೀಸರು ಸೇರಿ ಪಂಕ್ಚರ್‌ನವನನ್ನು ನೆಲಕ್ಕೆ ಕೆಡವಿ, ಬೆನ್ನ ಮೇಲೆ ಮಂಡಿಯೂರಿ ಬೇಡಿ ಹಾಕಿದರು. ದಸ್ತಗಿರಿಯ ಸಮಯ ಹನ್ನೆರಡು ಐವತ್ತು.

ಸಂಜೆ, ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಹೆಡ್ ಕಾನ್‌ಸ್ಟೇಬಲ್ ಆರೋಪಿಯ ಎದುರು ಕೂತ. ಇನ್‌ಸ್ಪೆಕ್ಟರ್ ಕೇಳಿದರು.

"ಯಾಕೆ ಕೊಂದೆ?"

"ನನ್ನ ತಂಗಿ ಹೋದ ವರ್ಷ ಹೋದಳು ಸಾರ್. ಗಂಡನ ಹಿಂದೆ ಕೂತಿದ್ದಳು, ಟೈರು ಸಿಡೀತು. ಅದೂ ಆ ಅಂಗಡೀದೇ. ಆಮೇಲೆ ಅಂಗಡಿಯವನ ಕಾಲು ಹಿಡಿದು ಕೇಳ್ಕೊಂಡೆ. ನಾನು ಬೇಡ ಅಂದ ಟೈರೆಲ್ಲ ನಿನಗೇ ತಂದ್ಕೊಡ್ತೀನಿ, ತುಂಡು ಮಾಡಿ ಗುಜರಿಗೆ ಹಾಕು ಅಂತ. ಆಗಲಿ ಅಂದ. ಭಾನುವಾರ ಹೋದ್ರೆ ನಾನು ತೇಪೆ ಹಾಕಿ, ಆಮೇಲೆ ಬೇಡ ಅಂದಿದ್ದ ಟೈರೇ ಮಾರೋ ಸಾಲಲ್ಲಿತ್ತು. ಕೇಳಿದ್ರೆ ನಕ್ಕುಬಿಟ್ಟ."

"ಅಷ್ಟಕ್ಕೆ ಏಳು ಏಟಾ?"

ಅವನು ತನ್ನ ಅಂಗೈ ನೋಡಿಕೊಂಡ. "ತಂಗಿ ಗಾಡಿಗೆ ಆ ಟೈರು ಹಾಕಿಕೊಟ್ಟಿದ್ದು ನಾನೇ ಸಾರ್. ಅವರಿಗೆ ಅರ್ಜೆಂಟಿತ್ತು. ಅವತ್ತು ಒಳಗೆ ಕೈ ಆಡಿಸಲಿಲ್ಲ." ತಲೆ ತಗ್ಗಿಸಿ ಬಿಕ್ಕಿಬಿಕ್ಕಿ ಅತ್ತ.

ಇನ್‌ಸ್ಪೆಕ್ಟರ್ ಎದ್ದು ಹೋದ ಮೇಲೆ ಹೆಡ್ ಕಾನ್‌ಸ್ಟೇಬಲ್ ಮೆಲ್ಲಗೆ ಕೇಳಿದ: "ನಾನು ಪೊಲೀಸ್ ಅಂತ ಗೊತ್ತಾಗಿತ್ತಾ?"

"ಬೂಟು ನೋಡಿದ ತಕ್ಷಣ."

"ಮತ್ತೆ ಗುರುತು ಯಾಕೆ ಹಾಕಿದೆ? ಸುಮ್ಮನೆ ಹಾಕಿಕೊಟ್ಟಿದ್ರೆ ನಾನು ಹೊರಟು ಹೋಗ್ತಿದ್ನೋ ಏನೋ."

"ಹೌದಲ್ವಾ," ಎಂದ ಅವನು. "ಅದರ ಮೇಲೇ ಹೋಗ್ತಿದ್ರಿ."

ಜಪ್ತಿ ಪಟ್ಟಿಯನ್ನು ಹೆಡ್ ಕಾನ್‌ಸ್ಟೇಬಲ್ ಎಡಗೈಯಲ್ಲಿ ಬರೆದ, ಅಕ್ಷರ ಸೊಟ್ಟಗೆ ಬಂದವು. ಸಲಾಕೆ ಒಂದು. ಸೀಮೆಸುಣ್ಣ ಒಂದು ತುಂಡು. ಗುರುತುಳ್ಳ ಟೈರುಗಳು ಇಪ್ಪತ್ತೇಳು. ಕೊನೆಯದರ ಮಾಲೀಕರು ಯಾರು ಎಂಬ ಕಡೆ ತನ್ನ ಹೆಸರು ಬರೆದು, ಮಗಳಿಗೆ ಫೋನ್ ಮಾಡಿ ನಾಳೆ ಬಸ್ಸಿಗೆ ಹೋಗು ಎಂದ.