ತಾಲೀಮಿನ ಮಣ್ಣು

"ಯಾರು ಮಾಡ್ಯಾರಂತ ನನಗ ಗೊತ್ತದ ಆಪಾ. ನೀವು ಸಾಬೀತು ಮಾಡಿ ಕೊಡ್ರಿ, ಸಾಕು."

ಮಸೂದ ಪೈಲ್ವಾನ ಕುರ್ಚಿಯಲ್ಲಿ ಕೂರಲೊಲ್ಲ. ಮೈ ಕೆರೆದುಕೊಳ್ಳುತ್ತ ಆಪಾ ಅವರ ಮನೆಯ ಅಂಗಳದಲ್ಲಿ ಓಡಾಡುತ್ತಿದ್ದ. ಹಣೆ, ಎದೆ, ಬೆನ್ನು ಕೆಂಪಗೆ ಬಾತಿದ್ದವು. ಅವನ ಗರಡಿಮನೆಯಾದ ಆಳಂದದ ತಾಲೀಮಿನ ಮಣ್ಣಿಗೆ ಯಾರೋ ನಸಗುನ್ನಿ ಕಾಯಿಯ ರೋಮ ಬೆರೆಸಿದ್ದರು. ಅದು ತಗುಲಿದರೆ ತುರಿಕೆ ತಡೆಯಲಾಗದು.

ಅಫಜಲಪುರ ತಾಲ್ಲೂಕಿನ ಗೊಬ್ಬೂರದ ಮಸೂದ ಹನ್ನೊಂದು ವರ್ಷದಿಂದ ಭಾರೀ ತೂಕದ ಚಾಂಪಿಯನ್. ಸೊಲ್ಲಾಪುರ, ಸಾಂಗಲಿಯವರನ್ನೂ ಚಿತ್ ಮಾಡಿದವನು. ಭಾನುವಾರ ಜೇವರ್ಗಿಯಲ್ಲಿ ದೊಡ್ಡ ಕುಸ್ತಿ. ಅವನು ಇಳಿಯದಿದ್ದರೆ ಅವನ ಬದಲು ಸೆಣಸುವ ಅವಕಾಶ ಅದೇ ತಾಲೀಮಿನ ಬಿಲಾಲನಿಗೆ. ಸಂಜೆಯೊಳಗೆ ಬಿಲಾಲನನ್ನು ಹೊರಹಾಕುವುದಾಗಿ ಮಸೂದ ಹೇಳಿದ.

ನಜಮುನ್ನಿಸಾ ಆಪಾ ನಿವೃತ್ತ ಪೊಲೀಸ್ ಜಮಾದಾರ. ನಾನು ಪಕ್ಕದ ಮನೆಯ ವರದಿಗಾರ, ಅವರ ಪತ್ತೆ ಕೆಲಸಗಳಿಗೆಲ್ಲ ಜೊತೆ. ಕೂಡಲೇ ಹೊರಟೆವು. ತಾಲೀಮಿನೊಳಗೆ ಹೆಂಗಸರು ಕಾಲಿಡುವ ರೂಢಿಯಿಲ್ಲ. ಆಪಾ ಹೊರಗಿನ ಕಟ್ಟೆಯ ಮೇಲೆ ಕುಳಿತು ಒಳಗಿದ್ದವರನ್ನು ಕರೆಸಿದರು.

ಬಿಲಾಲನ ಹಣೆ, ಮೈ ಎಲ್ಲ ಬಾತಿತ್ತು. ಅನುಮಾನ ಬಾರದಿರಲೆಂದು ತಾನೇ ಹಚ್ಚಿಕೊಂಡಿದ್ದಾನೆ ಎಂದು ಮಸೂದ ಹಂಗಿಸಿದ.

"ಕಣ್ಣು ತೆರಿಯಾಕ ಆಗವಲ್ದು. ಇದು ನಾಟಕೇನು ಭಾಯಿ?" ಎಂದ ಬಿಲಾಲ.

ಇಬ್ಬರಿಗೂ ಪಟ್ಟು ಕಲಿಸಿದ ವಸ್ತಾದ ಶಂಕರಲಿಂಗ ಬರಿಮೈಯಲ್ಲೇ ಬಂದು ಕೈ ಚಾಚಿ ತೋರಿಸಿದರು. ಮೊಣಕೈವರೆಗೆ ಗುಳ್ಳೆ. ನಸುಕಿಗೆ ಸ್ನಾನ ಮುಗಿಸಿ ಬಂದು, ಎಲ್ಲರಿಗಿಂತ ಮೊದಲು ಕಣಕ್ಕಿಳಿದು ಕಸರತ್ತು ಮಾಡಿದ್ದಾಗಿ ಹೇಳಿದರು. ಹಣೆಯ ಮೇಲೆ ಮೂರೆಳೆ ವಿಭೂತಿ ಅಚ್ಚುಕಟ್ಟಾಗಿತ್ತು.

ಕಣಕ್ಕಿಳಿಯುವ ಮುಂಚೆ ಏನು ಮಾಡುತ್ತೀರೆಂದು ಆಪಾ ಮಸೂದನನ್ನು ಕೇಳಿದರು.

"ಮಣ್ಣಿಗಿ ಸಲಾಂ ಮಾಡಿ ಹಣಿಗಿ ಹಚಗೋತೇವ್ರಿ. ಅದು ಮಾಡದ ಯಾರೂ ಇಳಿಯಂಗಿಲ್ಲ."

ಆಪಾ ವಸ್ತಾದರ ಕಡೆ ತಿರುಗಿದರು. "ಇವರಿಬ್ಬರ ಹಣಿ ಬಾತಾವ. ನಿಮ್ಮ ವಿಭೂತಿಯ ಎಳಿ ಸುದ್ದಾ ಕದಲಿಲ್ಲ. ಕಸರತ್ತು ಮಾಡಿದವರ ಎದಿ, ಬೆನ್ನು ಉಳಿತಾವೇನ್ರಿ? ಮೊಣಕೈ ತನಕ ಅಷ್ಟೇ ಗುಳ್ಳಿ ಎದ್ದಾವಂದ್ರ ಒಳಗ ಹೋಗಿದ್ದು ಬರೇ ಕೈ. ಕಲಸೋ ಕೈ."

ವಸ್ತಾದ ಚಾಚಿದ ಕೈ ಹಿಂದಕ್ಕೆಳೆದುಕೊಂಡರು. "ಹೌದ್ರಿ, ನಾನೇ."

ಮಸೂದನ ಕುತ್ತಿಗೆಯ ನರ ಎಲುಬಿನ ನಡುವೆ ಸಿಕ್ಕಿತ್ತು. ಇನ್ನೊಮ್ಮೆ ತಲೆ ಕೆಳಗಾಗಿ ಬಿದ್ದರೆ ಕೈಕಾಲು ಹೋಗುತ್ತವೆಂದು ಕಲಬುರಗಿಯ ಡಾಕ್ಟರು ಹೇಳಿದ್ದರಂತೆ. ಜೇವರ್ಗಿಯ ಕುಸ್ತಿ ಬಿಡೆಂದು ವಸ್ತಾದ ಕೈಮುಗಿದು ಬೇಡಿದ್ದರು. ಮಸೂದ ನಕ್ಕು ತಳ್ಳಿಹಾಕಿದ್ದ.

"ತುರಿಕಿ ನಾಕ ದಿನಕ್ಕ ಹೋಗ್ತದ ಮಗಾ. ನೀ ಹಾಸಿಗಿ ಹಿಡದ್ರ ಏಳಂಗಿಲ್ಲ."

ಒಂದಿಷ್ಟು ಹಣೆಗೂ ಹಚ್ಚಿಕೊಂಡಿದ್ದರೆ ಸಿಕ್ಕಿಬೀಳುತ್ತಿರಲಿಲ್ಲವಲ್ಲ ಎಂದೆ ನಾನು.

"ನಾನೇ ಕೆಡಿಸಿದ ಮಣ್ಣು. ಯಾವ ಮಾರಿ ಇಟಗೊಂಡು ಹಣಿಗಿ ಹಚಗೊಳ್ಳಲಿ?"

"ಬಿಲಾಲನ ಹೆಸರು ಬಂದಾಗ ಬಾಯಿ ಯಾಕ ಬಿಡಲಿಲ್ಲ?" ಎಂದರು ಆಪಾ.

ಎರಡು ದಿನದ ಮೇಲೆ ಕಣಕ್ಕೆ ಹೊಸ ಮಣ್ಣು ಬಿತ್ತು. ಜೇವರ್ಗಿಗೆ ನೀನೇ ಹೋಗೆಂದು ಮಸೂದ ಬಿಲಾಲನಿಗೆ ಹೇಳಿದ, ಅವನ ಮುಖ ನೋಡದೆ. ಬಿಲಾಲ ಮಣ್ಣು ಮುಟ್ಟಿ ಇಳಿದ. ವಸ್ತಾದ ಮಾತ್ರ ಅಂಚಿನಲ್ಲೇ ನಿಂತಿದ್ದರು.

ಮಸೂದ ಬಗ್ಗಿ ಚಿಟಿಕೆ ಮಣ್ಣು ತೆಗೆದು ಅವರ ಹಣೆಗೆ ಒತ್ತಿದ. ವಿಭೂತಿಯ ಎಳೆಗಳು ಕಲಸಿಹೋದವು.